ಆ ಮನೆಯಲ್ಲಿ ಟಿವಿ ಓಡುತ್ತಿತ್ತು

ಈ ಸಲದ ಕಾಗದಗಳಲ್ಲಿ ಒಂದು ಆರು ಪುಟದ್ದು. ನೋಟ್‌ಬುಕ್ ಹಾಳೆ ಹರಿದು ಎರಡೂ ಬದಿ ಬರೆದಿದ್ದಾರೆ. ಅಷ್ಟನ್ನೂ ಹಾಕಲು ಜಾಗ ಇಲ್ಲ. ಬೇಕಾದಷ್ಟನ್ನು ಇಟ್ಟುಕೊಂಡು, ಊರು ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಹದಿನಾಲ್ಕು ಜನರ ಮಹಿಳಾ ಸಂಘ. ಶುರುವಾಗಿ ಹನ್ನೊಂದು ವರ್ಷ ಆಯಿತು. ಪುಸ್ತಕ ಬರೆಯುವವಳು ನಾನೇ. ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬಳೂ ನಾನೇ. ಐದು ಸಾವಿರಕ್ಕಿಂತ ಜಾಸ್ತಿ ಸಾಲ ಕೊಡಬೇಕಾದರೆ ನಡಾವಳಿ ಪುಸ್ತಕದಲ್ಲಿ ಠರಾವು ಬರೆದು ಎಲ್ಲರ ಸಹಿ ಆಗಬೇಕು. ಇದು ನಾವೇ ಮಾಡಿಕೊಂಡ ನಿಯಮ. ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯೆಯೊಬ್ಬರ ಗಂಡನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಬೇಕು, ಬೆಳಿಗ್ಗೆ ಮುಂಗಡ ಕಟ್ಟಿ ಅಂದರು. ನಲವತ್ತು ಸಾವಿರ ಕಡಿಮೆ ಬಿತ್ತು. ರಾತ್ರಿ ಎಂಟೂವರೆಗೆ ನಾನು ಟಾರ್ಚ್ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ನನ್ನದೂ ಸೇರಿ ಹನ್ನೆರಡು ಆಯಿತು. ಒಬ್ಬರು ಮಗಳ ಮನೆಗೆ ಶಿವಮೊಗ್ಗಕ್ಕೆ ಹೋಗಿದ್ದರು. ಇನ್ನೊಬ್ಬರು ಊರಲ್ಲೇ ಇದ್ದರು. ಆದರೆ ಅವರಿಗೂ ಸಾಲ ಬೇಕಾದವರಿಗೂ ಬಚ್ಚಲು ನೀರಿನ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲ. ಅವರ ಮನೆ ಮುಂದೆ ಹೋದೆ. ಒಳಗೆ ಟಿವಿ ಓಡುತ್ತಿತ್ತು. ಬಾಗಿಲು ತಟ್ಟಲಿಲ್ಲ. ಮನೆಗೆ ಬಂದು ಇಬ್ಬರ ಸಹಿಯನ್ನೂ ನಾನೇ ಹಾಕಿದೆ. ಅವರಿಗೆ ಸಹಿ ಕಲಿಸಿದ್ದೂ ನಾನೇ ಆದ್ದರಿಂದ ಕಷ್ಟವಾಗಲಿಲ್ಲ. ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆದ ಕೂಡಲೇ ದುಡ್ಡು ತೆಗೆದೆವು. ಆ ಮನುಷ್ಯ ಈಗ ಗದ್ದೆ ಕೆಲಸಕ್ಕೆ ಹೋಗುತ್ತಾರೆ. ಸಾಲ ಬಡ್ಡಿ ಸಮೇತ ತೀರಿದೆ. ಒಂದು ರೂಪಾಯಿ ಹೆಚ್ಚುಕಡಿಮೆ ಆಗಿಲ್ಲ. ಮೊನ್ನೆ ಲೆಕ್ಕ ನೋಡುವಾಗ ಊರಲ್ಲೇ ಇದ್ದ ಆ ಸದಸ್ಯೆ ಪುಟ ತಿರುಗಿಸಿ “ಇದು ನನ್ನ ಸಹಿ ಅಲ್ಲ” ಅಂದರು. ಈಗ ಸಂಘ ಎರಡು ಪಾಲಾಗಿದೆ. ಜೀವ ಉಳಿಸಿದ್ದು ಪುಣ್ಯ ಅಂತ ನಮ್ಮ ಅತ್ತೆ. ಮೋಸ ಅಂದರೆ ಮೋಸ ಅಂತ ಯಜಮಾನರು. ಒಳ್ಳೇದಕ್ಕೆ ಮಾಡಿದ ತಪ್ಪೂ ತಪ್ಪೇನಾ ಮೇಡಂ?

ಉತ್ತರ: ತಪ್ಪು ಹೌದಮ್ಮ. ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೊನೆಯವರೆಗೂ ನೀವು ಅದೊಂದನ್ನೇ ಹುಡುಕುತ್ತಾ ಓದುತ್ತೀರಿ. ಆದರೆ ನಿಮ್ಮ ಯಜಮಾನರು ಬೆರಳು ಇಟ್ಟು ತೋರಿಸುವ ಜಾಗ ಬೇರೆ, ನಾನು ತೋರಿಸುವ ಜಾಗ ಬೇರೆ.

ಯಜಮಾನರಿಗೆ ಕೌಶಿಕನ ಕತೆ ಹೇಳಿ. ಯುದ್ಧದ ನಡುವೆ ಅರ್ಜುನ ತನ್ನ ಅಣ್ಣನ ಮೇಲೇ ಕತ್ತಿ ಎತ್ತುತ್ತಾನೆ. ಗಾಂಡೀವ ಬೇರೆಯವರಿಗೆ ಕೊಡು ಅಂದವರನ್ನು ಕೊಲ್ಲುತ್ತೇನೆ ಅಂತ ಹಿಂದೆ ಮಾತು ಕೊಟ್ಟಿದ್ದನಂತೆ, ಅವತ್ತು ಧರ್ಮರಾಯ ಸಿಟ್ಟಲ್ಲಿ ಹಾಗಂದುಬಿಟ್ಟ. ಆಗ ಕೃಷ್ಣ ಹೇಳುವ ಕತೆ ಇದು. ಕೌಶಿಕ ಸುಳ್ಳೇ ಹೇಳದ ತಪಸ್ವಿ. ಕಳ್ಳರಿಗೆ ಹೆದರಿ ಓಡಿಬಂದ ಜನ ಅವನ ಎದುರೇ ಕಾಡಿಗೆ ನುಗ್ಗಿ ಅಡಗಿದರು. ಕಳ್ಳರು ಬಂದು ಕೇಳಿದರು. ಇವನು ಇದ್ದದ್ದು ಇದ್ದ ಹಾಗೆ ತೋರಿಸಿದ. ಅವರೆಲ್ಲ ಸತ್ತರು. ಕೌಶಿಕ ಸೀದಾ ನರಕಕ್ಕೆ ಹೋದ. ಸತ್ಯ ಹೇಳಿದ್ದಕ್ಕೆ ನರಕ! ನಮ್ಮ ಹಿರಿಯರು ಈ ವಿಷಯದಲ್ಲಿ ಅಷ್ಟೇನೂ ಗಡಸು ಇರಲಿಲ್ಲ, ನೋಡಿ.

ಅತ್ತೆಯವರ ಮಾತಿಗೂ ಬಲ ಇದೆ. 1860ರ ಹಳೇ ದಂಡಸಂಹಿತೆಯಲ್ಲಿ 81ನೇ ಕಲಂ ಅಂತ ಒಂದಿತ್ತು. ಈಗ 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ದೊಡ್ಡ ಕೇಡು ತಪ್ಪಿಸಲು ಒಳ್ಳೇ ಮನಸ್ಸಿನಿಂದ ಒಂದು ಕೇಡು ಮಾಡಿದರೆ ಅದು ಅಪರಾಧ ಆಗದೇ ಇರಬಹುದು ಅಂತ. ಅಲ್ಲಿ ಕೊಟ್ಟ ಒಂದು ಉದಾಹರಣೆ ಬೆಂಕಿಯದು. ಬೆಂಕಿ ಹರಡದಿರಲಿ ಅಂತ ಒಬ್ಬ ಮನೆಗಳನ್ನು ಕೆಡವುತ್ತಾನೆ. ಅಪಾಯ ಅಷ್ಟು ಹತ್ತಿರ ಬಂದಿತ್ತಾ ಅಂತ ನೋಡಬೇಕು ಅನ್ನುತ್ತದೆ ಕಾನೂನು. ನಿಮ್ಮ ಸಹಿ ಆ ಕಲಮಿನೊಳಗೆ ಕೂರುತ್ತದೆ ಅಂತ ನಾನು ಹೇಳುತ್ತಿಲ್ಲ, ನಾನು ವಕೀಲಳಲ್ಲ. ಆದರೆ ಅದನ್ನು ಓದಿದಾಗಲೆಲ್ಲ ನನಗೆ ನಮ್ಮಜ್ಜಿಯ ಮಾತು ನೆನಪಾಗುತ್ತದೆ. ಎಲ್ಲರದ್ದೂ ಸೋಗೆ ಮನೆ ಇದ್ದ ಕಾಲದಲ್ಲಿ ಒಂದಕ್ಕೆ ಕಿಡಿ ತಾಗಿದರೆ ಪಕ್ಕದ ಮನೆಯ ಸೋಗೆ ಎಳೆದು ಕೆಳಗೆ ಹಾಕುತ್ತಿದ್ದರಂತೆ. ಆ ಮನೆಯವನು ಅಂಗಳದಲ್ಲಿ ನಿಂತು ಬೊಬ್ಬೆ ಹೊಡೆಯುತ್ತಿದ್ದ. ಮಾರನೇ ದಿನ ಎಳೆದವರೇ ಬಂದು ಹೊದೆಸಿ ಕೊಡುತ್ತಿದ್ದರು.

ಅವನು ಅಂಗಳದಲ್ಲಿ ನಿಂತಿದ್ದ, ಬೊಬ್ಬೆ ಹೊಡೆದ. ಅದನ್ನು ಸ್ವಲ್ಪ ನೆನಪಲ್ಲಿಡಿ.

ಈಗ ನಿಮ್ಮ ಕಾಗದಕ್ಕೆ ಬರುತ್ತೇನೆ. ಅದರಲ್ಲಿ ಸಮಯ ಇರಲಿಲ್ಲ ಅಂತ ನಾಲ್ಕು ಕಡೆ ಬರೆದಿದ್ದೀರಿ. ರಾತ್ರಿ ಎಂಟೂವರೆಯಿಂದ ಬೆಳಿಗ್ಗೆ ಬ್ಯಾಂಕ್ ತೆಗೆಯುವ ಹತ್ತರವರೆಗೆ ಹದಿಮೂರೂವರೆ ಗಂಟೆ. ಶಿವಮೊಗ್ಗದಲ್ಲಿ ಇದ್ದವರಿಗೆ ಫೋನ್ ಇಲ್ಲವಾ? ಅವರು “ಹಾಕ್ಕೋ ಮಾರಾಯ್ತಿ, ನಂದೇನು” ಅಂದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಇನ್ನೊಬ್ಬರಂತೂ ಎಚ್ಚರ ಇದ್ದರು. ಟಿವಿ ಓಡುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಆ ಸಾಲು ಬರೆಯದಿದ್ದರೂ ನಡೆಯುತ್ತಿತ್ತು, ನನಗೇನು ಗೊತ್ತಾಗುತ್ತಿತ್ತು? ಆದರೂ ಬರೆದಿರಿ. ಅಂದರೆ ಮುಳ್ಳು ಎಲ್ಲಿ ಚುಚ್ಚಿದೆ ಅಂತ ನಿಮಗೂ ಗೊತ್ತಿದೆ.

ನಿಮಗೆ ಆಕೆ ಬೇಡ ಅನ್ನುತ್ತಾರೆ ಅಂತ ಭಯ. ಅನ್ನುತ್ತಿದ್ದರೋ ಏನೋ. ಆದರೆ ಬಚ್ಚಲು ನೀರಿಗೆ ಜಗಳ ಆಡಿದವರು ಎದೆನೋವಿಗೂ ಬೇಡ ಅನ್ನುತ್ತಾರೆ ಅಂತ ತೀರ್ಮಾನ ಮಾಡಿದವರು ಯಾರು? ಆಕೆಗೆ ಅವತ್ತು ದೊಡ್ಡ ಮನಸ್ಸು ಮಾಡಲು ಒಂದು ಅವಕಾಶ ಇತ್ತು. ಎರಡು ವರ್ಷದ ಜಗಳ ಒಂದು ಸಹಿಯಲ್ಲಿ ಮುಗಿಯಬಹುದಿತ್ತು. ನೀವು ಅದನ್ನು ಬಾಗಿಲ ಹೊರಗೇ ಕಿತ್ತುಕೊಂಡಿರಿ.

ಅದೂ ಸಹಿ! 90ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾನು ರಾತ್ರಿ ಪಾಠ ಮಾಡಿದವಳು. ಲಾಟೀನು ಇಟ್ಟುಕೊಂಡು, ಹಗಲೆಲ್ಲ ನಾಟಿ ಮಾಡಿ ಬಂದ ಹೆಂಗಸರಿಗೆ. ಒಬ್ಬಾಕೆ ಬಳಪವನ್ನು ಸೌಟು ಹಿಡಿದ ಹಾಗೆ ಹಿಡಿಯುತ್ತಿದ್ದರು. ಹೆಸರಿನ ಕೊನೆಯ ‘ಮ್ಮ’ ಬರಲು ಅವರಿಗೆ ಒಂದು ತಿಂಗಳು ಬೇಕಾಯಿತು. ಬಂದ ದಿನ ಮನೆಗೆ ಹೋಗಿ ಅಡುಗೆಮನೆ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು. ಗಂಡ ಸುಣ್ಣ ಬಳಿಯಲು ಹೋದರೆ ಬಿಡಲಿಲ್ಲ. ಹೆಬ್ಬೆಟ್ಟು ಬಿಟ್ಟು ಸಹಿಗೆ ಬಂದವರಿಗೆ ಅದು ಏನು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಲಿಸಿದವರೇ ಅದನ್ನು ಕದ್ದರೆ ಹೇಗಿರುತ್ತೆ, ಹೇಳಿ.

ನಾನು ಇಷ್ಟು ಬಿಗಿಯಾಗಿ ಬರೆಯಲು ಕಾರಣ ಇದೆ. ಇದೇ ಕೆಲಸ ನಾನೂ ಮಾಡಿದ್ದೇನೆ.

1996. ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ನಾನು ಕ್ಲಾಸ್ ಟೀಚರ್. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾದರೆ ಹಿಂದಿನ ಬೆಂಚುಗಳು ಖಾಲಿ. ಆ ವರ್ಷ ಒಬ್ಬ ಹುಡುಗನಿಗೆ ಹದಿನೇಳು ದಿನ ಕಡಿಮೆ ಬಿತ್ತು. ಲೆಕ್ಕದಲ್ಲಿ ಚುರುಕು. ಅಪ್ಪ ಇಲ್ಲ. ತಾಯಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಿಂತರು. ಒಳಗೆ ಬರಲಿಲ್ಲ, ಮಾತೂ ಆಡಲಿಲ್ಲ. ನಾನು ಹಾಜರಿ ಪುಸ್ತಕವನ್ನು ಮನೆಗೆ ತಗೊಂಡು ಹೋದೆ.

ಗೈರು ಗುರುತನ್ನು ಅರ್ಧ ಬ್ಲೇಡಿನಲ್ಲಿ ಕೆರೆಯಬೇಕು. ಮೆಲ್ಲಗೆ, ಒಂದೇ ದಿಕ್ಕಿಗೆ. ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿರುತ್ತದೆ, ಹಾಗೇ ಇಂಕು ಹಾಕಿದರೆ ಹರಡಿಕೊಳ್ಳುತ್ತದೆ. ಮೊದಲು ಉಗುರಿನ ಬೆನ್ನಿನಿಂದ ಉಜ್ಜಿ ನುಣುಪು ಮಾಡಿಕೊಳ್ಳಬೇಕು. ಹದಿನೇಳು ದಿನಕ್ಕೆ ಎರಡು ರಾತ್ರಿ ಬೇಕಾಯಿತು. ಮುಗಿದ ಮೇಲೆ ನನಗೆ ಒಂಥರಾ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ದೇವರ ಕೆಲಸ ಮಾಡಿದೆ ಅನ್ನಿಸಿತ್ತು. ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಈಗ ಲೈನ್‌ಮನ್. ದೀಪಾವಳಿಗೆ ತಪ್ಪದೆ ಬಂದು ಕಾಲಿಗೆ ಬೀಳುತ್ತಾನೆ.

ಅದೇ ತರಗತಿಯಲ್ಲಿ ಒಬ್ಬಳು ಹುಡುಗಿಗೂ ಕಡಿಮೆ ಬಿದ್ದಿತ್ತು. ಹದಿನೈದು ದಿನ. ಅವಳು ಸಾಹುಕಾರರ ಮನೆಯಲ್ಲಿ ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದಳು. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಬೆರಳೆಲ್ಲ ಅಡಿಕೆ ತೊಗರು ಹಿಡಿದು ಕಪ್ಪು. ಲೆಕ್ಕದಲ್ಲಿ ಸಾಧಾರಣ. ಅವಳ ಮನೆಯಿಂದ ಯಾರೂ ಬಂದು ಬಾಗಿಲಲ್ಲಿ ನಿಲ್ಲಲಿಲ್ಲ. ಅವಳ ಸಾಲು ಅದೇ ಪುಟದಲ್ಲಿತ್ತು, ಆ ಹುಡುಗನ ಹೆಸರಿಗಿಂತ ಆರು ಸಾಲು ಕೆಳಗೆ. ನನ್ನ ಬ್ಲೇಡು ಅಲ್ಲಿಗೆ ಇಳಿಯಲಿಲ್ಲ. ಹಾಜರಿ ಕೊರತೆ ಅಂತ ಬರೆದು ಕಳಿಸಿದೆ.

ಆರೇಳು ವರ್ಷ ಬಿಟ್ಟು ಒಂದು ಮದುವೆ ಮನೆಯಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು. “ಮೇಡಂ, ಅವನಿಗಿಂತ ನಂದು ಎರಡು ದಿನ ಕಮ್ಮಿನೇ ಇತ್ತು ಅಲ್ವಾ?” ಅಂದಳು. ಬೈಯಲಿಲ್ಲ, ಅಳಲಿಲ್ಲ. ಲೆಕ್ಕ ಹೇಳಿದಳು ಅಷ್ಟೇ. ಆಮೇಲೆ “ಊಟ ಆಯ್ತಾ ಮೇಡಂ?” ಅಂತ ಕೇಳಿದಳು.

ಸುಳ್ಳು ಬರೆದೆನಲ್ಲ ಅಂತ ನನಗೆ ಇವತ್ತಿಗೂ ಅಂಥ ಸಂಕಟ ಇಲ್ಲ. ಆ ಹುಡುಗ ಪರೀಕ್ಷೆಗೆ ಕೂರಬೇಕಿತ್ತು, ಕೂತ. ಆದರೆ ಗುಟ್ಟಾಗಿ ಮಾಡಿದ್ದರಿಂದ ಯಾರಿಗೆ ಕೊಡುವುದು, ಯಾರಿಗೆ ಬಿಡುವುದು ಅನ್ನುವುದೂ ನನ್ನೊಬ್ಬಳ ಕೈಗೆ ಬಂತು. ಅದೇ ಪುಸ್ತಕ ಹಿಡಿದುಕೊಂಡು ಹೆಡ್‌ಮೇಷ್ಟ್ರ ಎದುರು ನಿಂತು, ಹೀಗೆ ಇಬ್ಬರಿದ್ದಾರೆ ಸಾರ್, ಕೊಯ್ಲಿಗೆ ಹೋಗಿದ್ದರು, ಇಬ್ಬರಿಗೂ ಏನಾದರೂ ಮಾಡಿ ಅಂತ ಜಗಳ ಆಡಬಹುದಿತ್ತು. ಸೋಲುತ್ತಿದ್ದೆನೋ ಏನೋ. ಅವಳ ಹೆಸರಂತೂ ಬಾಯಲ್ಲಿ ಬರುತ್ತಿತ್ತು.

ನಮ್ಮ ತಾಲ್ಲೂಕಿನದ್ದೇ ಇನ್ನೊಂದು ಹೇಳುತ್ತೇನೆ. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರ ಎದುರು ನಿಂತರು. ಗೇಣಿ ಭತ್ತ ಅಳೆಯುವ ಕೊಳಗವೇ ಇರಬೇಕಾದ್ದಕ್ಕಿಂತ ದೊಡ್ಡದಿದೆ ಅನ್ನುವುದು ಅವರ ತಕರಾರು. ಎಚ್. ಗಣಪತಿಯಪ್ಪ ಮುಂದಾಳು. ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೆ ಒಳಗಾದರು. ಗೇಣಿದಾರರು ನೇಗಿಲು ಹೊತ್ತು ಹಾಡಹಗಲೇ ಗದ್ದೆಗೆ ಇಳಿದರು. ಪೊಲೀಸರು ಹಿಡಿದುಕೊಂಡು ಹೋದರು. ಆಮೇಲೆ ಇನ್ನೊಂದು ತಂಡ ಇಳಿಯಿತು. ಕಾನೂನಿನ ಲೆಕ್ಕದಲ್ಲಿ ಅದೂ ತಪ್ಪೇ. ಯೋಚನೆ ಮಾಡಿ, ಅವರೂ ಗುಟ್ಟಾಗಿ ಕೊಳಗದೊಳಗೆ ಒಂದು ಹಲಗೆ ಕೂರಿಸಿ ಚಿಕ್ಕದು ಮಾಡಬಹುದಿತ್ತು. ಲಾಭ ಅದರಲ್ಲೇ ಬೇಗ ಸಿಗುತ್ತಿತ್ತು. ಆದರೆ ಮಾಲೀಕರ ಕೊಳಗದ ಮೇಲೆ ಅವರಿಗಿದ್ದ ಸಿಟ್ಟು ಗುಟ್ಟಾಗಿ ಅಳತೆ ಬದಲಿಸಿದ್ದಾರೆ ಅಂತಲೇ ಅಲ್ವಾ?

“ಬಾಗಿಲು ತಟ್ಟಿ, ಆಕೆ ಬೇಡವೇ ಬೇಡ ಅಂದಿದ್ದರೆ?” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಗ ಹನ್ನೆರಡು ಸಹಿ ಇಟ್ಟುಕೊಂಡು, ಎರಡು ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ‘ಒಬ್ಬರು ಊರಲ್ಲಿ ಇಲ್ಲ, ಒಬ್ಬರು ಒಪ್ಪಲಿಲ್ಲ, ಆದರೂ ತುರ್ತಿಗೆ ಕೊಟ್ಟಿದ್ದೇವೆ’ ಅಂತ ಬರೆದು ದುಡ್ಡು ತೆಗೆಯಬಹುದಿತ್ತು. ನಿಯಮ ಆಗಲೂ ಮುರಿಯುತ್ತಿತ್ತು. ನಿಮ್ಮ ಮೇಲೆ ಆಗಲೂ ಬೈಗುಳ ಬೀಳುತ್ತಿತ್ತು. ಆ ತಪ್ಪಿನ ಪರವಾಗಿ ನಾನು ನಿಮ್ಮೂರಿಗೆ ಬಂದು ನಿಂತು ಮಾತಾಡುತ್ತಿದ್ದೆ. ಸುಮ್ನೆ ಹೇಳುತ್ತಿಲ್ಲ.

ಈಗ ಏನು ಮಾಡುವುದು? ಸಭೆಗೆ ಮುಂಚೆ ಆಕೆಯ ಮನೆಗೆ ಹೋಗಿ. ಒಬ್ಬರೇ ಹೋಗಿ. ಹೋದಾಗ “ಆ ಮನುಷ್ಯ ಬದುಕಿದ್ದಾನಲ್ಲ” ಅಂತ ಮಾತ್ರ ಅನ್ನಬೇಡಿ. ಹಾಗಂದರೆ, ಕೇಳಿದ್ದರೆ ನೀವು ಸಾಯಲು ಬಿಡುತ್ತಿದ್ದಿರಿ ಅಂತ ಆಕೆಯ ಮುಖಕ್ಕೇ ಹೇಳಿದ ಹಾಗೆ. “ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ” ಅನ್ನಿ. ಅಷ್ಟು ಸಾಕು. ಆಕೆ ಎರಡು ಮಾತು ಜೋರಾಗಿ ಆಡಿದರೆ ಆಡಲಿ. ಶಿವಮೊಗ್ಗಕ್ಕೆ ಹೋಗಿದ್ದವರಿಗೂ ಹೇಳಬೇಕು, ಅವರು ಸುಮ್ಮನಿದ್ದಾರೆ ಅಂತ ಬಿಡಬೇಡಿ.

ಸಭೆಯಲ್ಲಿ ಹಳೇ ಪುಟ ಹರಿಯಬೇಡಿ, ಬಿಳಿ ಇಂಕು ಬಳಿಯಬೇಡಿ. ಹೊಸ ಪುಟದಲ್ಲಿ, ಇಂಥ ದಿನದ ಠರಾವಿನಲ್ಲಿ ಈ ಎರಡು ಸಹಿ ಹಾಕಿದವಳು ನಾನು ಅಂತ ಬರೆದು ಕೆಳಗೆ ನಿಮ್ಮದೇ ಸಹಿ ಹಾಕಿ. ಒಂದು ವರ್ಷ ಪುಸ್ತಕ ಬೇರೆಯವರು ಬರೆಯಲಿ. ನಿಮಗೆ ಬೇಜಾರಾಗುತ್ತೆ, ಗೊತ್ತು. ಹೊಸಬರ ಅಕ್ಷರ ಕೆಟ್ಟದಾಗಿರುತ್ತೆ, ಕೂಡುವುದರಲ್ಲಿ ತಪ್ಪಾಗುತ್ತೆ. ಇರಲಿ. ಬರೆದು ಕೊಡುವ ಮುಂಚೆ ತಿಳಿದ ವಕೀಲರಿಗೆ ಒಂದು ಮಾತು ಕೇಳಿಕೊಳ್ಳಿ, ಸಹಿ ನಕಲು ಕೋರ್ಟಿಗೆ ಹೋದರೆ ಸಣ್ಣ ವಿಷಯ ಅಲ್ಲ.

ಹಾಗೇ ನಿಯಮವನ್ನೂ ಬದಲಿಸಿಕೊಳ್ಳಿ. ಆಫೀಸುಗಳಲ್ಲಿ ‘ಘಟನೋತ್ತರ ಮಂಜೂರಾತಿ’ ಅಂತ ಒಂದು ಮಾತಿದೆ. ಮೊದಲು ಖರ್ಚು, ಆಮೇಲೆ ಒಪ್ಪಿಗೆ. ಆಸ್ಪತ್ರೆಯ ತುರ್ತಾದರೆ ಇಬ್ಬರು ಪ್ರತಿನಿಧಿಗಳು ಇಂತಿಷ್ಟರವರೆಗೆ ಕೊಡಬಹುದು, ಅದೇ ರಾತ್ರಿ ಎಲ್ಲರಿಗೂ ಫೋನಿನಲ್ಲಿ ತಿಳಿಸಬೇಕು, ಮುಂದಿನ ಸಭೆಯಲ್ಲಿ ಸಹಿ ಆಗಬೇಕು ಅಂತ ಠರಾವು ಮಾಡಿ. ಆ ಠರಾವನ್ನು ಮಂಡಿಸಲು ಆಕೆಯನ್ನೇ ಕೇಳಿ ನೋಡಿ. ಒಪ್ಪಬಹುದು, ಒಪ್ಪದೆಯೂ ಇರಬಹುದು. ಈ ಸಲ ಬಾಗಿಲು ತಟ್ಟಿ ಕೇಳಿ.

ಪ್ರಶ್ನೆ: ನಮ್ಮನೆ ಹಿಂದೆ ಕೆರೆ ಇದೆ. ಮಕ್ಕಳು ಆ ಕಡೆ ಹೋಗದಿರಲಿ ಅಂತ ಅಲ್ಲಿ ದೆವ್ವ ಇದೆ ಅಂತ ಹೆದರಿಸಿದ್ದೇನೆ. ಸುಳ್ಳು ಹೇಳಿ ಮಕ್ಕಳನ್ನು ಬೆಳೆಸಬೇಡ ಅಂತ ನಮ್ಮನೆಯವರ ಗಲಾಟೆ. ಇದರಲ್ಲೇನು ತಪ್ಪು?

ಉತ್ತರ: ದೆವ್ವ ಒಂಬತ್ತು ಹತ್ತು ವರ್ಷದವರೆಗೆ ಕಾವಲು ಕಾಯುತ್ತದೆ. ಆಮೇಲೆ ಮಕ್ಕಳು ದೆವ್ವ ನೋಡಲಿಕ್ಕೆ ಅಂತಲೇ ಕೆರೆಗೆ ಹೋಗುತ್ತಾರೆ, ಗೆಳೆಯರನ್ನೂ ಕರೆದುಕೊಂಡು. ಅಷ್ಟರೊಳಗೆ ಎರಡು ಒಣ ತೆಂಗಿನಕಾಯಿ ಸೊಂಟಕ್ಕೆ ಕಟ್ಟಿ ಈಜು ಕಲಿಸಿ. ನಿಮ್ಮನೆಯವರಿಗೆ ಈಜು ಬರುತ್ತಾ? ಬಂದರೆ ಗಲಾಟೆ ಬಿಟ್ಟು ಅವರೇ ಕಲಿಸಲಿ.

ಪ್ರಶ್ನೆ: ಅಪ್ಪನಿಗೆ 68. ಹೊಟ್ಟೆನೋವು ಅಂತ ತೋರಿಸಿದರೆ ಕ್ಯಾನ್ಸರ್ ಬಂತು, ಹರಡಿದೆ ಅಂದರು. ಅಪ್ಪನಿಗೆ ಅಲ್ಸರ್ ಅಂತ ಹೇಳಿದ್ದೇವೆ. ಅಣ್ಣ ತಮ್ಮಂದಿರು ಸೇರಿ ಮಾಡಿದ ತೀರ್ಮಾನ. ಅಪ್ಪ ಧೈರ್ಯ ಕಳೆದುಕೊಳ್ಳಬಾರದು ಅಂತ. ಈಗ ಅವರು ಈ ಮಳೆಗೆ ಮುನ್ನೂರು ಅಡಿಕೆ ಸಸಿ ನೆಡುತ್ತೇನೆ ಅಂತ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮೂವರ ಮೇಲೆ ನನಗೆ ಸಿಟ್ಟಿಲ್ಲಪ್ಪ. ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಮೊದಲ ವಾರ ಮುಚ್ಚಿಟ್ಟದ್ದನ್ನು ತಪ್ಪು ಅಂತಲೂ ನಾನು ಹೇಳುವುದಿಲ್ಲ.

ಆದರೆ ಅಡಿಕೆ ಸಸಿ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವವರು ಅವರು. ಅಲ್ಸರ್ ಇರುವ ಮನುಷ್ಯ ಮಾಡುವ ಲೆಕ್ಕ ಬೇರೆ, ಕ್ಯಾನ್ಸರ್ ಇರುವ ಮನುಷ್ಯ ಮಾಡುವ ಲೆಕ್ಕ ಬೇರೆ. ನೀವು ಅವರ ಕೈಗೆ ತಪ್ಪು ಲೆಕ್ಕ ಕೊಟ್ಟು ಕೂಡಿಸಲು ಬಿಟ್ಟಿದ್ದೀರಿ.

ಎಲ್ಲವನ್ನೂ ಒಮ್ಮೆಲೇ ಸುರಿಯಬೇಕು ಅಂತಲ್ಲ. ಬೆಳಿಗ್ಗೆ ತೋಟಕ್ಕೆ ಜೊತೆಯಲ್ಲಿ ಹೋಗಿ. ಮನೆಯೊಳಗೆ ಬೇಡ, ಅಲ್ಲಿ ಅಮ್ಮನ ಕಿವಿ ಇರುತ್ತೆ, ಟಿವಿ ಇರುತ್ತೆ. “ಅಪ್ಪ, ರಿಪೋರ್ಟಿನಲ್ಲಿ ಇನ್ನೂ ಸ್ವಲ್ಪ ಇದೆ. ಪೂರ್ತಿ ಹೇಳ್ಲಾ, ಅಥವಾ ನಾವೇ ನೋಡ್ಕೊಳ್ಲಾ?” ಅಂತ ಕೇಳಿ. “ನೀವೇ ನೋಡ್ಕೊಳ್ಳಿ” ಅಂದರೆ ಅದೂ ಅವರ ತೀರ್ಮಾನವೇ, ಆಗ ನಿಮ್ಮ ಸುಳ್ಳಿಗೆ ಅವರ ಒಪ್ಪಿಗೆ ಸಿಕ್ಕ ಹಾಗಾಯಿತು. ಹೇಳು ಅಂದರೆ ಹೇಳಿ. ಕೇಳಿ ಆದ ಮೇಲೆ ಸಸಿ ಬೇಡ ಅನ್ನಬಹುದು. ಮುನ್ನೂರರ ಬದಲು ಐನೂರು ತರಿಸು, ನಾನು ಇರುವಾಗಲೇ ಆಗಿಹೋಗಲಿ ಅಂತಲೂ ಅನ್ನಬಹುದು. ನಮ್ಮ ಕಡೆಯ ತೋಟದವರನ್ನು ನೋಡಿದವಳಾಗಿ ನಾನು ಎರಡನೆಯದಕ್ಕೇ ಜಾಸ್ತಿ ತಯಾರಿರಿ ಅನ್ನುತ್ತೇನೆ.

ಮಳೆ ಹಿಡಿಯುವ ಮುಂಚೆ ಮಾತಾಡಿ. ಗುಂಡಿ ತೋಡಿಸಿ, ಸಸಿ ಬಂದು ಅಂಗಳದಲ್ಲಿ ಇಳಿದ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟ.